ನೆಗಡಿ ಅಂತ ವಾಪಸ್ ಕಳಿಸಿದ ಮಗು

ಗುರುವಾರ ನಮ್ಮ ಆರೋಗ್ಯ ಕೇಂದ್ರದಲ್ಲಿ ಲಸಿಕೆ ದಿನ. 2015ರ ಒಂದು ಗುರುವಾರ ಒಬ್ಬ ತಾಯಿ ಒಂಬತ್ತು ತಿಂಗಳ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ದಡಾರದ ಲಸಿಕೆ ಹಾಕಬೇಕಿತ್ತು. ಮಗುವಿನ ಮೂಗು ಸೋರುತ್ತಿತ್ತು, ಮೈ ಸ್ವಲ್ಪ ಬೆಚ್ಚಗಿತ್ತು. "ನೆಗಡಿ ಕಮ್ಮಿಯಾದ ಮೇಲೆ ಕರ್ಕೊಂಡು ಬಾಮ್ಮ" ಅಂದೆ. ಅವಳು ಏನೂ ಕೇಳಲಿಲ್ಲ. ಲಸಿಕೆಯ ಲೆಕ್ಕ ಬರೆಯುವ 'ತಾಯಿ ಕಾರ್ಡ್' ಮಡಚಿಕೊಂಡು ಹೋದಳು.

ಮತ್ತೆ ಬರಲೇ ಇಲ್ಲ. ನಾಲ್ಕು ತಿಂಗಳ ಮೇಲೆ ಆಶಾ ಕಾರ್ಯಕರ್ತೆ ಜೊತೆ ಅವರ ಮನೆಗೆ ಹೋದೆ. "ನೀವೇ ಬೇಡ ಅಂದ್ರಲ್ಲ ಸಿಸ್ಟರ್, ಈ ಮಗೀಗೆ ಸೂಜಿ ಆಗ್ಬರಲ್ವೇನೋ ಅನ್ಕೊಂಡ್ವಿ" ಅಂದಳು. ಆ ಮಾತು ಈಗಲೂ ಚುಚ್ಚುತ್ತದೆ. ಲಸಿಕೆ ಬಗ್ಗೆ ಆ ಮನೆಗೆ ಅನುಮಾನ ತಂದಿಟ್ಟವಳು ನಾನೇ. ಮುಂದಿನ ಗುರುವಾರ ಕರೆಸಿ ಹಾಕಿದೆ. ಆದರೆ ಆ ನಾಲ್ಕು ತಿಂಗಳು ಮಗುವಿಗೆ ದಡಾರದಿಂದ ರಕ್ಷಣೆ ಇರಲಿಲ್ಲ, ಅಲ್ವಾ?

ಸಾದಾ ನೆಗಡಿ, ಸಣ್ಣ ಜ್ವರ, ಸ್ವಲ್ಪ ಭೇದಿ ಇದ್ದರೂ ಲಸಿಕೆ ಹಾಕಬಹುದು. ಆಸ್ಪತ್ರೆಗೆ ಸೇರಿಸುವಷ್ಟು ಕಾಯಿಲೆ ಇದ್ದರೆ ಬೇರೆ ಮಾತು. ತರಬೇತಿಯಲ್ಲಿ ಇದನ್ನು ಹೇಳಿದ್ದರು, ನಾನು ಬರೆದುಕೊಂಡೂ ಇದ್ದೆ. ಆದರೆ ರಾತ್ರಿ ಜ್ವರ ಏರಿದರೆ ನನ್ನ ತಲೆಗೆ ಬರುತ್ತದೆ ಅನ್ನೋ ಹೆದರಿಕೆ. ಗೊತ್ತಿದ್ದೂ ಕೈ ಮುಂದೆ ಹೋಗಲಿಲ್ಲ.

ಆಮೇಲೆ ನಾವು ನರ್ಸ್‌ಗಳು ಒಂದು ರೂಢಿ ಮಾಡಿಕೊಂಡೆವು. ಬೆಳಿಗ್ಗೆ ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ಕೂಡಲೇ ಲಸಿಕೆ ಕ್ಯಾರಿಯರ್‌ಗೆ ಇಡುವ ಹಾಗಿಲ್ಲ. ಇಟ್ಟರೆ ಐದು ರೋಗಗಳಿಗೆ ಒಂದೇ ಸೂಜಿಯಾದ ಪೆಂಟಾದಂಥ ಲಸಿಕೆ ಹೆಪ್ಪುಗಟ್ಟಿ ಕೆಟ್ಟುಹೋಗುತ್ತದೆ. ಮೇಜಿನ ಮೇಲಿಟ್ಟು ಕಾಯಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ಆ ಸದ್ದು ಬರುವವರೆಗೆ ಒಬ್ಬರು ಹಿಂದಿನ ವಾರದ ಒಂದು ಅನುಮಾನ ಕೇಳುವುದು, ಉಳಿದವರು ಉತ್ತರ ಹೇಳುವುದು.

ಎರಡನೇ ಪೆಂಟಾ ತಪ್ಪಿಸಿಕೊಂಡು ಮಗು ಎರಡು ತಿಂಗಳು ತಡವಾಗಿ ಬಂದರೆ ಮೊದಲಿಂದ ಶುರು ಮಾಡಬೇಕಾ? ಇಬ್ಬರು ಹೌದು ಅಂದರು. ಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ಒಂದೇ ಮಗು ಬಂದರೆ, ಹಲವು ಮಕ್ಕಳಿಗಾಗುವಷ್ಟು ಲಸಿಕೆ ಇರುವ ದಡಾರದ ವಯಲ್ (ಸೀಸೆ) ಒಡೆಯಬೇಕಾ? ಇದಕ್ಕೆ ಎಲ್ಲರೂ ಸುಮ್ಮನಾದರು. ತೆರೆದ ಪೆಂಟಾ ವಯಲ್ ಸರಿಯಾಗಿ ಇಟ್ಟರೆ 28 ದಿನ ಬರುತ್ತದೆ. ದಡಾರದ್ದು ಪುಡಿಯನ್ನು ದ್ರವದಲ್ಲಿ ಕಲಸಿದ ಮೇಲೆ ನಾಲ್ಕೇ ಗಂಟೆ, ಉಳಿದಿದ್ದನ್ನು ಎಸೆಯಬೇಕು. ವೇಸ್ಟ್ ಆಯ್ತು ಅಂತ ಯಾರಾದರೂ ಕೇಳುತ್ತಾರೆ ಅನ್ನೋ ಭಯಕ್ಕೆ ಮಗುವನ್ನೇ ವಾಪಸ್ ಕಳಿಸುತ್ತಿದ್ದೆವು. ನಿಯಮ ಇರುವುದು ಒಂದು ಮಗುವಿಗಾದರೂ ಒಡೆಯಿರಿ ಅಂತ. ಅವತ್ತಿಂದ ಒಡೆಯುತ್ತೇವೆ, ಕಲಸಿದ ಹೊತ್ತನ್ನು ವಯಲ್ ಮೇಲೆ ಬರೆಯುತ್ತೇವೆ.

ಇನ್ನೊಂದು ಬದಲಾವಣೆ: ಜ್ವರ ಬರಬಹುದು, ತೊಡೆ ಊದಬಹುದು, ಊದಿದ ಕಡೆ ಉಜ್ಜಬೇಡಿ ಅಂತ ಸೂಜಿ ಹಾಕುವ ಮೊದಲೇ ಹೇಳುತ್ತೇನೆ. ಮೊದಲೇ ಹೇಳಿದರೆ ಅಜ್ಜಿಯರು ಬೈಯುವುದು ತುಂಬಾ ಕಮ್ಮಿ.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾಯಿತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ. ವಾಟ್ಸಾಪ್‌ನಲ್ಲಿ ಇಲ್ಲಸಲ್ಲದ ಸುದ್ದಿ ಹರಡಿತ್ತು. ಹಿಂದಿನ ಸಂಜೆ ಜೊತೆಯ ನರ್ಸ್ ಒಬ್ಬಳು ಪಕ್ಕಕ್ಕೆ ಕರೆದು, "ಅಕ್ಕಾ, ನನ್ನ ಮಗಳಿಗೆ ಹಾಕಿಸ್ಲಾ ಬೇಡ್ವಾ?" ಅಂದಳು. ದಿನವಿಡೀ ಸೂಜಿ ಹಾಕುವವಳು! ನನಗೆ ಸಿಟ್ಟು ಬರಲಿಲ್ಲ. ನಾವೂ ತಾಯಂದಿರೇ, ಆ ಮೆಸೇಜು ನಮ್ಮ ಫೋನಿಗೂ ಬರುತ್ತದೆ. ಒಂದು ಗಂಟೆ ಕೂತು ಅವಳ ಒಂದೊಂದು ಹೆದರಿಕೆಯನ್ನೂ ಕೇಳಿದೆ. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಏನಾಗಬಹುದು ಅಂತ ಹೇಳಿದೆ.

ಮರುದಿನ ಶಾಲೆಯಲ್ಲಿ ಸಾಲಿನ ಮೊದಲಿಗೆ ಅವಳ ಮಗಳೇ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಒಬ್ಬ ತಾಯಿ ಗೇಟಿನ ಹತ್ತಿರ, "ನಿಮ್ಮ ಮಕ್ಕಳಿಗೆ ಹಾಕಿಸಿದ್ರಾ ಸಿಸ್ಟರ್?" ಅಂತ ಜೋರಾಗಿ ಕೇಳಿದರು. ಆ ನರ್ಸ್ ಬೆಂಚಿನ ಕಡೆ ಕೈ ತೋರಿಸಿದಳು. "ಈಗಷ್ಟೇ ಹಾಕಿಸ್ದೆ. ಅಲ್ಲಿ ಕೂತಿದ್ದಾಳೆ, ಹೋಗಿ ಮಾತಾಡ್ಸಿ."