ಅಮೆರಿಕದಲ್ಲಿ ಸಮಾಜವಿಜ್ಞಾನದ ಸಂಶೋಧನೆ: ಮೊದಲ ಪ್ರಶ್ನೆ ಕೇಳುವ ಮುನ್ನ ಐಆರ್‌ಬಿ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಮಾಜಶಾಸ್ತ್ರ, ಮನೋವಿಜ್ಞಾನ, ಶಿಕ್ಷಣ ಮುಂತಾದ ವಿಷಯಗಳಲ್ಲಿ ಪಿಎಚ್‌.ಡಿ. ಮಾಡುವವರು ಸಂಶೋಧನೆಗಾಗಿ ಜನರನ್ನು ಸಂದರ್ಶಿಸುವ ಅಥವಾ ಪ್ರಶ್ನಾವಳಿ ಹಂಚುವ ಮುನ್ನ, ಎಲ್ಲರೂ ಐಆರ್‌ಬಿ ಎಂದೇ ಕರೆಯುವ ಇನ್‌ಸ್ಟಿಟ್ಯೂಷನಲ್ ರಿವ್ಯೂ ಬೋರ್ಡಿನ, ಅಂದರೆ ಸಂಶೋಧನೆಯಲ್ಲಿ ಭಾಗವಹಿಸುವ ಜನರ ಹಿತ ಕಾಯುವ ನೈತಿಕ ಸಮಿತಿಯ, ಮುಂದೆ ಅರ್ಜಿ ಹಾಕಬೇಕು. ಗೈಡ್ ಒಪ್ಪಿದರೆ ಸಾಕು ಎಂದುಕೊಂಡು ಹೊರಡುವಂತಿಲ್ಲ. ಮೊದಲು ಮಾಹಿತಿ ಸಂಗ್ರಹಿಸಿ ಆಮೇಲೆ ಅನುಮತಿ ಪಡೆಯುವ ಪದ್ಧತಿ ಇಲ್ಲದಿರುವುದರಿಂದ, ರಜೆಗೆಂದು ಊರಿಗೆ ಹೋದಾಗ ಮುಗಿಸಿಕೊಂಡು ಬಂದ ಇಪ್ಪತ್ತು ಸಂದರ್ಶನಗಳು ಪ್ರಬಂಧಕ್ಕೆ ಬಾರದೆ ಹೋಗಬಹುದು.

ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಪೀಡಿತ ಕಪ್ಪು ಪುರುಷರಿಗೆ ಚಿಕಿತ್ಸೆ ಕೊಡದೆ ರೋಗದ ಗತಿಯನ್ನಷ್ಟೇ ನೋಡುತ್ತ ಕುಳಿತ ಸರ್ಕಾರಿ ಅಧ್ಯಯನ ಬಯಲಾದ ಮೇಲೆ, 1974ರಲ್ಲಿ ಈ ಬಗ್ಗೆ ಕಾನೂನು ಬಂತು. ವೈದ್ಯರ ತಪ್ಪಿಗೆ ಸಮಾಜವಿಜ್ಞಾನಿಗಳೇಕೆ ಅರ್ಜಿ ತುಂಬಬೇಕು ಎಂಬ ಗೊಣಗಾಟ ಇಂದಿಗೂ ಕೇಳಿಬರುತ್ತದೆ. ಅದರಲ್ಲಿ ಹುರುಳಿಲ್ಲ ಎನ್ನಲಾರೆ.

ಪರಿಶೀಲನೆಯಲ್ಲಿ ಎಕ್ಸೆಂಪ್ಟ್ (ವಿನಾಯಿತಿ), ಎಕ್ಸ್‌ಪೆಡೈಟೆಡ್ (ತ್ವರಿತ), ಫುಲ್ ಬೋರ್ಡ್ (ಪೂರ್ಣ ಮಂಡಳಿ) ಎಂಬ ಮೂರು ಹಂತಗಳಿವೆ. ಇವುಗಳಲ್ಲಿ ದಾರಿ ತಪ್ಪಿಸುವ ಪದ ಮೊದಲನೆಯದು. ವಯಸ್ಕರ ಸಾಮಾನ್ಯ ಸಮೀಕ್ಷೆ, ಸಂದರ್ಶನಗಳು ಬಹುಪಾಲು ಈ ಗುಂಪಿಗೇ ಸೇರುತ್ತವಾದರೂ, ನಿಮ್ಮ ಅಧ್ಯಯನಕ್ಕೆ ವಿನಾಯಿತಿ ಇದೆಯೆಂದು ತೀರ್ಮಾನಿಸುವವರು ಸಾಮಾನ್ಯವಾಗಿ ಐಆರ್‌ಬಿ ಕಚೇರಿಯವರೇ ಹೊರತು ನೀವಲ್ಲ. ಫುಲ್ ಬೋರ್ಡ್ ಎಂದರೆ ಕನಿಷ್ಠ ಐದು ಸದಸ್ಯರ ಮಂಡಳಿ. ಅದರಲ್ಲಿ ವಿಶ್ವವಿದ್ಯಾಲಯಕ್ಕೆ ಸಂಬಂಧಪಡದ ಒಬ್ಬರಾದರೂ ಇರಬೇಕು.

ಕರ್ನಾಟಕದಲ್ಲಿ ಕ್ಷೇತ್ರಕಾರ್ಯ ಮಾಡುವವರಿಗೆ ನಿಜವಾದ ತೊಡಕು, ಸಂಶೋಧನೆಯಲ್ಲಿ ಭಾಗವಹಿಸುವವರಿಂದ ಸಹಿ ಪಡೆಯುವ ಒಪ್ಪಿಗೆ ಪತ್ರ. ಮಂಡ್ಯದ ಕಡೆಯ ಒಂದು ಹಳ್ಳಿಯ ಜಗಲಿಯಲ್ಲಿ ಕುಳಿತು, ಮಜ್ಜಿಗೆ ಕೊಟ್ಟು ಮಾತಿಗಿಳಿದ ಅಜ್ಜಿಯ ಮುಂದೆ ಎರಡು ಪುಟದ ಕಾಗದ ಚಾಚಿದರೆ, ಅದು ಸಾಲದ ಪತ್ರವೋ ಜಮೀನಿನ ಪತ್ರವೋ ಎಂದು ಆಕೆ ಬೆಚ್ಚುವುದು ಸಹಜ. ಸಹಿ ಹಾಕುವುದು ರೂಢಿಯಲ್ಲಿಲ್ಲದ ಸಮುದಾಯದಲ್ಲಿ, ಅಪಾಯ ತೀರಾ ಕಡಿಮೆಯಿದ್ದರೆ, ಸಹಿ ಬಿಟ್ಟು ಒಪ್ಪಿಗೆಯನ್ನು ಬೇರೆ ರೀತಿಯಲ್ಲಿ ದಾಖಲಿಸಿಕೊಳ್ಳಲು ಐಆರ್‌ಬಿಗಳು ಪಾಲಿಸುವ ಅಮೆರಿಕ ಸರ್ಕಾರದ ನಿಯಮದ 2018ರ ಪರಿಷ್ಕೃತ ರೂಪ ಅವಕಾಶ ಕೊಟ್ಟಿದೆ. ಆದರೆ ಅದನ್ನು ಅರ್ಜಿಯಲ್ಲೇ ಕಾರಣಸಹಿತ ಕೇಳಿಕೊಳ್ಳಬೇಕು. ಬಾಯಿಮಾತಿನಲ್ಲಿ ಹೇಳುವುದನ್ನು ಕನ್ನಡದಲ್ಲಿ ಬರೆದು, ಅದರ ಇಂಗ್ಲಿಷ್ ರೂಪದೊಂದಿಗೆ ಅರ್ಜಿಗೆ ಲಗತ್ತಿಸಬೇಕು. ಆಗ "ದತ್ತಾಂಶದ ಗೌಪ್ಯತೆ ಕಾಪಾಡಲಾಗುವುದು" ಎಂದು ಬರೆಯದೆ, "ನಿಮ್ಮ ಹೆಸರು ಎಲ್ಲೂ ಬರೆಯೋದಿಲ್ಲ ಅಜ್ಜಿ, ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು" ಎಂದೇ ಬರೆಯಿರಿ. ವಿಷಯ ಆರೋಗ್ಯಕ್ಕೆ ಸಂಬಂಧಿಸಿದ್ದರೆ, ಭಾರತದ ಸಂಸ್ಥೆಯೊಂದರ ನೈತಿಕ ಸಮಿತಿಯ ಒಪ್ಪಿಗೆಗೂ ಸಮಯ ಇಟ್ಟುಕೊಂಡು ಟಿಕೆಟ್ ತೆಗೆಯಿರಿ.