ಶಹಾಬಾದ್ ಫರ್ಸಿಗೆ ಆಸಿಡ್ ಸುರಿಯುವ ಮುನ್ನ

ಕಲಬುರಗಿ ಭಾಗದ ಮನೆಗಳಲ್ಲಿ ಹಾಸಿರುವ ಶಹಾಬಾದ್ ಫರ್ಸಿ ಸುಣ್ಣದಕಲ್ಲು, ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಬಚ್ಚಲಿನಲ್ಲಿ ಗಡಸು ನೀರು ಆರಿದ ಮೇಲೆ ಉಳಿಯುವ ಬಿಳಿ ಪದರವೂ ಹೆಚ್ಚಾಗಿ ಅದೇ ವಸ್ತು. ಆದ್ದರಿಂದ ಪದರವನ್ನು ಕರಗಿಸುವ ಆಮ್ಲ ಕಲ್ಲನ್ನೂ ಕರಗಿಸುತ್ತದೆ. ಆಸಿಡ್ ಹಾಕಿ ತೊಳೆದ ಫರ್ಸಿ ಮೊದಲು ಸ್ವಚ್ಛವಾಗಿ ಕಂಡರೂ ಹೊಳಪು ಕಳೆದುಕೊಂಡು, ಒರಟಾಗಿ, ಮುಂದೆ ಕೊಳೆಯನ್ನು ಇನ್ನೂ ಬೇಗ ಹಿಡಿಯುವುದು ಇದರಿಂದಲೇ.

ನೋಡಬೇಕೆಂದರೆ ಫರ್ಸಿಯ ಒಡೆದ ಚೂರನ್ನು ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಹಿಂಡಿರಿ. ಏಳುವ ಗುಳ್ಳೆಗಳು ಇಂಗಾಲದ ಡೈಆಕ್ಸೈಡ್. ಆಮ್ಲದ ಹೈಡ್ರೋಜನ್ ಅಯಾನುಗಳು ಕಾರ್ಬೊನೇಟನ್ನು ಒಡೆದಾಗ ಹೊರಬರುವ ಅನಿಲ.

ಮನೆಯಲ್ಲಿರುವ ಶುಚಿಕಾರಕ ಆಮ್ಲವೋ ಪ್ರತ್ಯಾಮ್ಲವೋ ತಿಳಿಯಲು ಕೆಂಪು ದಾಸವಾಳದ ಎಸಳುಗಳನ್ನು ಅರ್ಧ ಕಪ್ ಬಿಸಿನೀರಿನಲ್ಲಿ ನೆನೆಸಿ ಸೋಸಿರಿ. ಪಿಂಗಾಣಿ ಬಟ್ಟಲಿನಲ್ಲಿ ಈ ನೀರನ್ನು ತುಸು ಹಾಕಿ, ಪರೀಕ್ಷಿಸುವ ದ್ರವವನ್ನು ಒಂದು ಹನಿ ಬಿಡಿರಿ: ಆಮ್ಲವಾದರೆ ಗಾಢ ಗುಲಾಬಿ, ಪ್ರತ್ಯಾಮ್ಲವಾದರೆ ಹಸಿರು. ಅರಿಶಿನ ಪ್ರತ್ಯಾಮ್ಲಕ್ಕೆ ಕೆಂಪಾಗುತ್ತದೆ ನಿಜ, ಆದರೆ ಆಮ್ಲಕ್ಕೂ ಬರಿಯ ನೀರಿಗೂ ಹಳದಿಯಾಗಿಯೇ ಇರುವುದರಿಂದ ಈ ಕೆಲಸಕ್ಕೆ ಸಾಲದು. ಎಷ್ಟು ಪ್ರಬಲ ಎಂಬುದಕ್ಕೆ ಪಿಎಚ್ ಕಾಗದ ಬೇಕು. ಅದರಲ್ಲಿ 7 ತಟಸ್ಥ. ಒಂದು ಅಂಕೆ ಇಳಿದರೆ ಆಮ್ಲೀಯತೆ 10 ಪಟ್ಟು ಹೆಚ್ಚು, ಹಾಗಾಗಿ ಸುಮಾರು 2 ತೋರಿಸುವ ನಿಂಬೆರಸವೂ ಫರ್ಸಿಗೆ ಸೌಮ್ಯವಲ್ಲ.

ಗುಲಾಬಿ ಬಂದ ಯಾವುದನ್ನೂ ಫರ್ಸಿಗೆ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಣ್ಣೆ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿರಿ. ಬಿಳಿ ಪದರವನ್ನು ಸಾಬೂನು ನೀರು ಹಾಕಿ ತೆಂಗಿನ ನಾರಿನಿಂದ ಉಜ್ಜಿ ತೆಗೆಯಬೇಕು. ಸ್ನಾನವಾದೊಡನೆ ನೆಲ ಒರೆಸಿದರೆ ಅದು ಕಟ್ಟುವುದೇ ಕಡಿಮೆ. ನಲ್ಲಿಯ ಬಾಯಿಯ ಜಾಲರಿಗೆ ಕಟ್ಟಿದ ಪದರಕ್ಕೆ ಮಾತ್ರ ನಿಂಬೆರಸ ಸರಿ, ಅದನ್ನೂ ಬಿಚ್ಚಿ ಬಟ್ಟಲಿನಲ್ಲಿ ನೆನೆಸಿರಿ.

ಶೌಚಾಲಯದ ಆಸಿಡನ್ನು ಬ್ಲೀಚಿಂಗ್ ಪೌಡರಿನೊಂದಿಗೆ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಏಳುತ್ತದೆ. ಆಸಿಡ್ ನೆಲಕ್ಕೆ ಚೆಲ್ಲಿದರೆ ಗುಳ್ಳೆ ನಿಲ್ಲುವವರೆಗೆ ಸೋಡಾ ಉದುರಿಸಿ ತೊಳೆಯಿರಿ. ಮೈಮೇಲೆ ಬಿದ್ದರೆ ಮಾತ್ರ ಸೋಡಾ ಹಚ್ಚದೆ, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕು.