ಫೋರ್ತ್ ಸೀಟಿನಲ್ಲಿ ದೀರ್ಘಶಾಂತಿ ಕಲಿಯುವುದು ಹೇಗೆ

ಭಾನುವಾರ ಆರಾಧನೆಯಲ್ಲಿ ಕಣ್ಣೀರಿಟ್ಟು ಪ್ರಾರ್ಥನೆ ಮಾಡಿದ್ದೆ. ಸೋಮವಾರ ಬೆಳಿಗ್ಗೆ ಮುಂಬೈಗೆ ಹೋಗುವ ಡೊಂಬಿವಲಿಯ ಫಾಸ್ಟ್ ಲೋಕಲ್ ಟ್ರೇನ್‌ನಲ್ಲಿ ಒಬ್ಬ ಹೆಂಗಸು "ಥೋಡಾ ಸರ್ಕೋ ನಾ" (ಸ್ವಲ್ಪ ಸರೀರಿ) ಅಂದಾಗ, ಕೇಳಿಸದವಳ ಹಾಗೆ ಕಿಟಕಿ ಕಡೆ ತಿರುಗಿ ಕೂತೆ. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೂ ತುದಿಯಲ್ಲಿ ಜಾಗ ಕೊಡುವುದು ಇಲ್ಲಿನ ರೂಢಿ. ಅದನ್ನೇ ಫೋರ್ತ್ ಸೀಟ್ ಅನ್ನುತ್ತೇವೆ. ಆಕೆ ಠಾಣೆ, ಘಾಟ್ಕೋಪರ್, ಕುರ್ಲಾ ದಾಟಿ ದಾದರ್‌ವರೆಗೂ ನಿಂತೇ ಬಂದರು. ನನ್ನ ತೊಡೆ ಮೇಲಿದ್ದ ಬ್ಯಾಗಿನಲ್ಲಿ ಬೈಬಲ್ ಇತ್ತು.

ಅಂದಿನಿಂದ ನಾನು ಮಾಡಿಕೊಂಡು ಬಂದದ್ದನ್ನು ಹೇಳುತ್ತೇನೆ. ನಿಮಗೂ ಉಪಯೋಗವಾಗಬಹುದು.

ಮೊದಲು, ನೀವು ಎಲ್ಲಿ ಜಾರುತ್ತೀರಿ ಅಂತ ಗುರುತಿಸಿ. ಸುಮ್ನೆ ಕೂತು ಯೋಚಿಸಿದರೆ ಇದು ಸರಿಯಾಗಿ ಗೊತ್ತಾಗುವುದಿಲ್ಲ, ಮನೆಯವರನ್ನೇ ಕೇಳಬೇಕು. ನಾನು ಮಗಳನ್ನು ಕೇಳಿದೆ. "ಅಮ್ಮಾ, ಬೆಳಿಗ್ಗೆ ಹೊತ್ತು ನಿನ್ನ ಹತ್ರ ಮಾತಾಡೋಕೆ ಹೆದರಿಕೆ ಆಗುತ್ತೆ" ಅಂದಳು. ಇಂಥ ಉತ್ತರ ಬಂದಾಗ ಸಮಜಾಯಿಷಿ ಕೊಡಬೇಡಿ. ಕೇಳಿಸಿಕೊಳ್ಳಿ, ಸಾಕು.

ಆಮೇಲೆ ಬೈಬಲಿನಲ್ಲಿ ಪೌಲನ ಪತ್ರವಾದ ಗಲಾತ್ಯ 5:22-23 ತೆಗೆಯಿರಿ. ಅಲ್ಲಿ ಒಂಬತ್ತು ಗುಣಗಳಿವೆ. ಒಂದನ್ನೇ ಹಿಡಿಯಿರಿ. ಪೌಲನು ಅಷ್ಟನ್ನೂ ಸೇರಿಸಿ 'ಫಲ' ಅಂತ ಒಂದೇ ಹಣ್ಣಿನ ಹಾಗೆ ಬರೆದಿದ್ದಾನೆ, ನೋಡಿ. ಒಂದು ಕೈಗೆ ಸಿಕ್ಕರೆ ಉಳಿದವೂ ಅದರ ಹಿಂದೆ ಬರುತ್ತವೆ. ನಾನು ಹಿಡಿದದ್ದು ದೀರ್ಘಶಾಂತಿ, ಅಂದರೆ ತಾಳ್ಮೆ.

ಅದಕ್ಕೊಂದು ಜಾಗ, ಒಂದು ಕೆಲಸ ಗೊತ್ತು ಮಾಡಿ. "ತಾಳ್ಮೆಯಿಂದ ಇರುತ್ತೇನೆ" ಅಂದರೆ ಸಾಲದು. "ಯಾರಾದರೂ ಕೇಳುವ ಮೊದಲೇ ಸರಿದು ಕೂರುತ್ತೇನೆ" ಅಂದುಕೊಳ್ಳಿ. ಪ್ಲಾಟ್‌ಫಾರ್ಮ್‌ನಲ್ಲಿ ನಿಂತಾಗಲೇ "ಕರ್ತನೇ, ಇವತ್ತು ಸಹಾಯ ಮಾಡು" ಅಂತ ಒಂದು ಮಾತು. ಗಾಡಿ ಬಂದ ಮೇಲೆ ನೂಕುನುಗ್ಗಲಲ್ಲಿ ಏನೂ ನೆನಪಿರುವುದಿಲ್ಲ. ವಾಕ್ಯ ಓದುವುದನ್ನಂತೂ ತಪ್ಪಿಸಬೇಡಿ. ಬಳ್ಳಿಯಲ್ಲಿ ನೆಲೆಗೊಳ್ಳದ ಕೊಂಬೆ ಫಲ ಕೊಡಲಾರದು ಅಂತ ಯೇಸುವೇ ಹೇಳಿದ್ದಾನಲ್ವಾ? ಬೆಳಿಗ್ಗೆ ನೀರು ತುಂಬುವ ಗಡಿಬಿಡಿ ಇರುವುದರಿಂದ ನಾನು ರಾತ್ರಿಯೇ ಓದುತ್ತೇನೆ.

ದುಡ್ಡಿನ ವಿಷಯಕ್ಕೆ ಬಂದಾಗ ಹಿಂಜರಿಯಬೇಡಿ. ನನಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟವಾದದ್ದು ಇದೇ. ಕಳೆದ ಮಳೆಗಾಲದಲ್ಲಿ ಮನೆಕೆಲಸದ ಬಾಯಿ (ಕೆಲಸದಾಕೆ) ಮೂರು ದಿನ ಖಾಡಾ, ಅಂದರೆ ರಜೆ, ಮಾಡಿದ್ದರು. ಮಗುವಿಗೆ ಜ್ವರ ಅಂದಿದ್ದರು. ನಾನು ನಂಬಲಿಲ್ಲ. ಪಗಾರದಲ್ಲಿ 300 ರೂಪಾಯಿ ಹಿಡಿದೆ. ಅವರು ಏನೂ ಅನ್ನಲಿಲ್ಲ. ನೋಟುಗಳನ್ನು ಒಮ್ಮೆ ಎಣಿಸಿದರು. ಬೆರಳಿಗೆ ಎಂಜಲು ಹಚ್ಚಿಕೊಂಡು ಮತ್ತೊಮ್ಮೆ ಎಣಿಸಿದರು. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಹೋದರು. ಆ ಎರಡನೇ ಎಣಿಕೆ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು ಅಂತ ಬೈಬಲಿನ ಧರ್ಮೋಪದೇಶಕಾಂಡ 24ರಲ್ಲಿದೆ. ಯೇಸುವನ್ನು ಕಂಡ ಸುಂಕದವನಾದ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ. ನನಗೆ 300 ರೂಪಾಯಿ ತಿರುಗಿ ಕೊಡಲು ಒಂದು ವಾರ ಹಿಡಿಯಿತು.

ಕ್ಷಮೆ ಕೇಳುವಾಗ 'ಆದರೆ' ಅನ್ನುವ ಮಾತು ಬೇಡ. "ನಿಮ್ಮ ಪಗಾರ ಹಿಡಿದದ್ದು ನನ್ನ ತಪ್ಪು" ಅಂದರೆ ಮುಗಿಯಿತು. ಆ ದುಡ್ಡನ್ನು ಹಬ್ಬದ ಬಕ್ಷೀಸಿನ ಜೊತೆ ಸೇರಿಸಿ ಕೊಡಬೇಡಿ. ಅದು ಅವರದೇ ದುಡ್ಡು.

ನಡುವೆ ಜಾರಿದ ದಿನ ಅದೇ ರಾತ್ರಿ ದೇವರ ಮುಂದೆ ಒಪ್ಪಿಕೊಂಡು ಮಲಗಿ. ತಿಂಗಳಾದ ಮೇಲೆ, ಮೊದಲು ಕೇಳಿದವರನ್ನೇ ಮತ್ತೆ ಕೇಳಿ. ನನ್ನ ಮಗಳು ಸ್ವಲ್ಪ ಹೊತ್ತು ಯೋಚಿಸಿ, "ಮೊದಲಿನಷ್ಟು ಹೆದರಿಕೆ ಇಲ್ಲ" ಅಂದಳು. ಇಲ್ಲವೇ ಇಲ್ಲ ಅನ್ನಲಿಲ್ಲ. ಹಾಗಾಗಿ ಈ ತಿಂಗಳೂ ದೀರ್ಘಶಾಂತಿಯನ್ನೇ ಹಿಡಿದಿದ್ದೇನೆ.